ಹೆಸರಿನ ಮುಂದೆ ಊರು: ಟ್ಯಾಲಿ ಪ್ರೈಮ್‌ನಲ್ಲಿ ಆನ್‌ಲೈನ್ ಗಿರಾಕಿಗಳ ಲೆಕ್ಕ ಇಟ್ಟ ಅನುಭವ

ಚಿತ್ತಾಪುರದ ಮಾಸ್ತರರೊಬ್ಬರಿಗೆ ನಾನು ಎರಡು ಸಲ ಫೋನ್ ಮಾಡಿ 1,340 ರೂಪಾಯಿ ಬಾಕಿ ಕೇಳಿದೆ. ಅವರು ಮೊದಲನೇ ಫೋನಿಗಿಂತ ಮುಂಚೆಯೇ ದುಡ್ಡು ಹಾಕಿದ್ದರು. ಎರಡನೇ ಸಲ ಕೇಳಿದಾಗ ಸಿಟ್ಟು ಮಾಡಲಿಲ್ಲ. ಮೆತ್ತಗೆ ಹೇಳಿದರು: "ಅವ್ವಾ, ನಾ ಹತ್ತನೇ ತಾರೀಖಿಗೇ ಹಾಕೀನಿ. ಇನ್ನೊಮ್ಮೆ ನೋಡು." ನೋಡಿದರೆ ಅವರ ದುಡ್ಡು ಜೇವರ್ಗಿಯ ಇನ್ನೊಬ್ಬರ ಖಾತೆಯಲ್ಲಿ ಜಮಾ ಆಗಿತ್ತು. ಇಬ್ಬರದೂ ಒಂದೇ ಹೆಸರು, ಒಂದೇ ಅಡ್ಡಹೆಸರು. ಆ ದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ದುಡ್ಡು ಕೊಟ್ಟವರ ಹತ್ತಿರ ಮತ್ತೆ ದುಡ್ಡು ಕೇಳುವುದು ಬಹಳ ದೊಡ್ಡ ತಪ್ಪು. ಈ ಬರಹ ಶುರುವಾಗಿದ್ದು ಅಲ್ಲಿಂದಲೇ.

ನಾನು ಕಲಬುರಗಿಯವಳು. ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ಚಟ್ನಿ ಪುಡಿ) ಮಾಡಿಸಿ ಮಾರುತ್ತೇನೆ. ನಾಲ್ಕು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಜೊತೆಗೆ ತೊಗರಿ ಬೇಳೆಯ ಒಂದು ಕೆಜಿ, ಐದು ಕೆಜಿ ಪ್ಯಾಕೆಟ್ ಇದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಅನ್ನುವ ಅಧಿಕೃತ ಗುರುತು ಸಿಕ್ಕಿತು, ಗೊತ್ತಲ್ವಾ? ಆಮೇಲೆ ಹೊರಗಿನ ಊರವರು "ಅಸಲಿ ಗುಲಬರ್ಗಾ ಬೇಳೆ ಕಳಿಸ್ತೀರಾ?" ಅಂತ ಕೇಳಿಕೊಂಡು ಬರುವುದು ಜಾಸ್ತಿ ಆಯಿತು. ಬೆಂಗಳೂರು, ಪುಣೆ, ಹೈದರಾಬಾದ್, ಸೊಲ್ಲಾಪುರ. ಮೊದಲು ಎಲ್ಲ ವಾಟ್ಸಾಪ್‌ನಲ್ಲೇ. ಆಮೇಲೆ ಒಂದು ಆನ್‌ಲೈನ್ ಮಾರಾಟ ತಾಣದಲ್ಲೂ ಹಾಕಿದೆ. ಹೊರ ರಾಜ್ಯಕ್ಕೆ ತೆರಿಗೆ ಬೀಳುವ ಸಾಮಾನು ಕಳಿಸಬೇಕಾದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಹಾಗಾಗಿ ಅದನ್ನೂ ಮಾಡಿಸಿದೆ.

ಮಾಸ್ತರರ ಪ್ರಸಂಗ ಆಗಿದ್ದು ನಾನು ಮೊಬೈಲಿನ ಒಂದು ಉಚಿತ ಲೆಕ್ಕದ ಆಪ್ ಬಳಸುತ್ತಿದ್ದಾಗ. ಅದರ ಹೆಸರು ಇಲ್ಲಿ ಬೇಡ. ಉದ್ರಿ ಬರೆಯುವುದಕ್ಕೆ ಅದು ಸುಲಭವಾಗಿತ್ತು. ಹೆಸರು ಒತ್ತು, ಮೊತ್ತ ಒತ್ತು, ಮುಗಿಯಿತು. ಆದರೆ ಯಾವ ಬಿಲ್ಲಿನ ದುಡ್ಡು ಬಂತು ಅಂತ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಇನ್ನೊಂದು ಕಷ್ಟ ಫೋನ್ ಬದಲಿಸಿದಾಗ ಗೊತ್ತಾಯಿತು. ಗಿರಾಕಿಗಳ ಪಟ್ಟಿಯನ್ನು ಹೊರಗೆ ತೆಗೆಯೋಣ ಅಂದರೆ ಬರೀ ಪಿಡಿಎಫ್ ಬಂತು. ನಾನೇ ಒಂದೊಂದಾಗಿ ಬರೆದ ನಾನೂರ ಚಿಲ್ಲರೆ ಹೆಸರು, ನಂಬರು, ವಿಳಾಸ. ಅದನ್ನು ಬೇರೆ ಕಡೆ ಹಾಕಬೇಕೆಂದರೆ ಮತ್ತೆ ಕೈಯಿಂದಲೇ ಹೊಡೆಯಬೇಕು. ಮಗಳು ಮತ್ತು ನಾನು ಸೇರಿ ಆರು ಸಂಜೆ ಕೂತು ಎಕ್ಸೆಲ್‌ಗೆ ಇಳಿಸಿದೆವು. ಆದ್ದರಿಂದ ಯಾವ ಸಾಫ್ಟ್‌ವೇರ್ ತೆಗೆದುಕೊಂಡರೂ ಮೊದಲ ದಿನವೇ ಹತ್ತು ಹೆಸರು ಹಾಕಿ, ಎಕ್ಸೆಲ್‌ನಲ್ಲಿ ವಾಪಸ್ ಬರುತ್ತದಾ ನೋಡಿ. ಬರದಿದ್ದರೆ ಬಿಟ್ಟುಬಿಡಿ.

2024ರ ಏಪ್ರಿಲ್‌ನಲ್ಲಿ ಟ್ಯಾಲಿ ಪ್ರೈಮ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಕೊಂಡೆ. ಒಬ್ಬರೇ ಬಳಸುವ ಸಿಲ್ವರ್ ಲೈಸೆನ್ಸ್, 22,500 ರೂಪಾಯಿ. ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 26,550. ನನಗೆ ಅದು ಸಣ್ಣ ದುಡ್ಡಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ಹಾಕಿದ ಮಳಿಗೆಯ ಲಾಭ ಪೂರ್ತಿ ಅದಕ್ಕೇ ಹೋಯಿತು. ಟ್ಯಾಲಿಯನ್ನೇ ಆರಿಸಲು ಕಾರಣ ಸರಳ. ನಮ್ಮ ಆಡಿಟರ್ ಅದನ್ನೇ ಬಳಸುತ್ತಾರೆ. ಗಂಜ್‌ನಲ್ಲಿ, ಅಂದರೆ ನಮ್ಮ ದವಸದ ಪೇಟೆಯಲ್ಲಿ, ಯಾವ ಅಡತ್ (ದಲ್ಲಾಳಿ) ಅಂಗಡಿಗೆ ಹೋದರೂ ಅದನ್ನು ಬಲ್ಲ ಒಬ್ಬ ಹುಡುಗ ಸಿಗುತ್ತಾನೆ. ಏನಾದರೂ ಸಿಕ್ಕಿಕೊಂಡರೆ ಕೇಳಲು ಜನ ಇದ್ದಾರೆ ಅನ್ನುವ ಧೈರ್ಯ ಬೇಕಿತ್ತು.

ಶುರುವಿನಲ್ಲಿ ದೊಡ್ಡ ತಪ್ಪು ಮಾಡಿದೆ. ಎಕ್ಸೆಲ್‌ನಲ್ಲಿದ್ದ ನಾನೂರ ಚಿಲ್ಲರೆ ಗಿರಾಕಿಗಳಿಗೂ ಒಂದೊಂದು ಲೆಡ್ಜರ್, ಅಂದರೆ ಖಾತೆ ತೆರೆದೆ. 4.0 ಆವೃತ್ತಿಯಿಂದ ಎಕ್ಸೆಲ್ ಹಾಳೆಯನ್ನು ನೇರವಾಗಿ ಒಳಗೆ ತೆಗೆದುಕೊಳ್ಳುತ್ತದೆ, ಹಾಗಾಗಿ ಅದು ಬೇಗ ಆಯಿತು. ಆದರೆ ಒಮ್ಮೆ ಎರಡು ಪ್ಯಾಕೆಟ್ ರೊಟ್ಟಿ ತರಿಸಿ ಅಲ್ಲೇ ದುಡ್ಡು ಕೊಟ್ಟು ಮುಗಿಸಿದ ಬೆಂಗಳೂರಿನ ಹುಡುಗನಿಗೆ ಲೆಡ್ಜರ್ ಯಾಕೆ ಬೇಕು? ಪಟ್ಟಿ ಉದ್ದವಾಯಿತು. ಬೇಕಾದವರು ಬೇಡದವರ ನಡುವೆ ಕಳೆದುಹೋದರು. ಒಮ್ಮೆ ಬಿಲ್ ಹಾಕಿದ ಮೇಲೆ ಆ ಲೆಡ್ಜರನ್ನು ಅಳಿಸಲೂ ಬರುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಅದೇ ಸರಿ, ಅಲ್ವಾ? ಬರೆದ ಹಾಳೆಯನ್ನು ಹರಿಯಬಾರದು.

ಆಗ ದಾರಿ ತೋರಿಸಿದ್ದು ನಮ್ಮ ಮಾವನವರು. ಅವರು ನೆಹರೂ ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆಯುವ ಮುನೀಮರಾಗಿದ್ದವರು. ಕಂಪ್ಯೂಟರ್ ಮುಟ್ಟಿದವರಲ್ಲ. ದಿನದ ವ್ಯವಹಾರ ಬರೆಯುವ ಕಿರ್ದಿ, ಒಬ್ಬೊಬ್ಬರ ಖಾತೆ ಇಡುವ ಖತಾವಣಿ ಎರಡನ್ನೂ ಕೈಯಲ್ಲಿ ಬರೆದವರು. ನಾನು ಪಟ್ಟಿಯಲ್ಲಿ ಹುಡುಕಾಡುವುದನ್ನು ನೋಡಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಶರಣಪ್ಪ ಅಂತ ಎಷ್ಟ ಮಂದಿ ಅದಾರ?" ಅಂದರು. ಹನ್ನೊಂದು ಜನ ಇದ್ದರು. "ನಾವು ಬರೇ ಹೆಸರ ಬರೀತಿದ್ದಿಲ್ಲವ್ವಾ. ಹೆಸರಿನ ಮುಂದ ಊರ. ಊರೂ ಒಂದೇ ಇತ್ತಂದ್ರ ಯಾರ ಮಗ ಅನ್ನೋದು. ಇಲ್ಲಂದ್ರ ಯಾವ ಶರಣಪ್ಪನ ಬಾಕಿ ಅಂತ ಯಾರಿಗಿ ಗೊತ್ತಾಗ್ತದ?" ಆಮೇಲೆ ಇನ್ನೊಂದು ಮಾತು ಹೇಳಿದರು. "ರೊಕ್ಕ ಕೊಟ್ಟು ಒಯ್ದವಂದು ಕಿರ್ದಿಯೊಳಗ ಬರಿ. ಉದ್ರಿ ಒಯ್ದವಂಗ ಅಷ್ಟ ಖಾತಿ ತೆಗಿ."

ಇವೆರಡೇ ಮಾತು. ನನ್ನ ಈಗಿನ ಪೂರ್ತಿ ವ್ಯವಸ್ಥೆ ಇವುಗಳ ಮೇಲೆ ನಿಂತಿದೆ.

ಉದ್ರಿ ಒಯ್ಯುವವರು ಈಗ ಅರವತ್ತೆರಡು ಜನ. ಕಿರಾಣಿ ಅಂಗಡಿಯವರು, ಖಾನಾವಳಿಯವರು, ತಿಂಗಳಿಗೊಮ್ಮೆ ಕೊಡುವ ಹಳೆಯ ಮನೆಗಳು. ಇವರಿಗೆ ಮಾತ್ರ ಸಂಡ್ರಿ ಡೆಟರ್ಸ್, ಅಂದರೆ ನಮಗೆ ಬಾಕಿ ಕೊಡಬೇಕಾದವರ ಗುಂಪಿನ ಕೆಳಗೆ ಸ್ವಂತ ಲೆಡ್ಜರ್. ಹೆಸರು, ಊರು, ಏನು ಅಂಗಡಿ ಅನ್ನುವುದು ಕ್ರಮ. ಹೆಸರಿನ ಕೆಳಗೆ ಏಲಿಯಾಸ್ ಅಂತ ಒಂದು ಜಾಗ ಇರುತ್ತದೆ, ಅಂದರೆ ಎರಡನೇ ಹೆಸರು. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ನಾನು ಅಲ್ಲಿ ಮೊಬೈಲ್ ನಂಬರ್ ಹಾಕುತ್ತೇನೆ. ದುಡ್ಡು ಬಂದ ಮೆಸೇಜಿನ ಹಿಂದೆಯೇ ಗಿರಾಕಿಯ ಫೋನ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಆ ನಂಬರನ್ನೇ ಹೊಡೆದರೆ ಸರಿಯಾದ ಖಾತೆ ಎದುರಿಗೆ ಬಂದು ನಿಲ್ಲುತ್ತದೆ. ಹೆಸರಿನ ಗೊಂದಲವೇ ಇಲ್ಲ.

ಇದರಲ್ಲಿ ನಾನು ಎಣಿಸದ ಇನ್ನೊಂದು ಲಾಭವೂ ಸಿಕ್ಕಿತು. ಒಂದೇ ಹೆಸರನ್ನಾಗಲಿ ಒಂದೇ ಏಲಿಯಾಸನ್ನಾಗಲಿ ಎರಡು ಲೆಡ್ಜರಿಗೆ ಕೊಡಲು ಟ್ಯಾಲಿ ಬಿಡುವುದಿಲ್ಲ. ನಮ್ಮ ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಆದರೂ ಇವತ್ತಿಗೂ ಅರ್ಧ ಜನ ವಿಳಾಸದಲ್ಲಿ ಗುಲಬರ್ಗಾ ಅಂತಲೇ ಬರೆಯುತ್ತಾರೆ. ಸೂಪರ್ ಮಾರ್ಕೆಟ್ ಹತ್ತಿರದ ಒಂದೇ ಅಂಗಡಿ ನನ್ನ ಪಟ್ಟಿಯಲ್ಲಿ ಎರಡು ಕಡೆ ಇತ್ತು. ಗುಲಬರ್ಗಾ ಹೆಸರಿನ ಖಾತೆಯಲ್ಲಿ 4,200 ಬಾಕಿ, ಕಲಬುರಗಿ ಹೆಸರಿನಲ್ಲಿ 2,000 ಮುಂಗಡ. ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಎರಡೂ ಸುಳ್ಳು. ಎಫ್7 ಒತ್ತಿ ಜರ್ನಲ್, ಅಂದರೆ ಹೊಂದಾಣಿಕೆಯ ನಮೂದು ಹಾಕಿ ಒಂದರ ಶಿಲ್ಕನ್ನು ಇನ್ನೊಂದಕ್ಕೆ ಒಯ್ದೆ. ಈಗ ಅಂಥ ಜೋಡಿ ಹುಟ್ಟುವುದಿಲ್ಲ. ಅದೇ ನಂಬರು ಎರಡನೇ ಸಲ ಹಾಕಲು ಹೋದರೆ ಅಲ್ಲೇ ತಡೆಯುತ್ತದೆ.

ಬಾಕಿಯ ಲೆಕ್ಕ ಚೊಕ್ಕ ಇರಬೇಕೆಂದರೆ ಲೆಡ್ಜರ್ ತೆರೆಯುವಾಗ ಬಿಲ್ ಬೈ ಬಿಲ್ (ಒಂದೊಂದು ಬಿಲ್ಲಿನ ಬಾಕಿ ಬೇರೆ ಬೇರೆ) ಅನ್ನುವ ಕಡೆ ಎಸ್ ಕೊಡಲೇಬೇಕು. ಇದು ಮಾತ್ರ ಮರೆಯಬೇಡಿ. ಹಾಗೆ ಕೊಟ್ಟರೆ ಎಫ್6ರಲ್ಲಿ ರಸೀದಿ ಹಾಕುವಾಗ ಆ ಗಿರಾಕಿಯ ಬಾಕಿ ಇರುವ ಬಿಲ್ಲುಗಳೆಲ್ಲ ಸಾಲಾಗಿ ಬರುತ್ತವೆ. ಯಾವುದರ ದುಡ್ಡು ಬಂತೋ ಅದನ್ನು ಆರಿಸಬೇಕು. ಗೊತ್ತಿಲ್ಲದಿದ್ದರೆ ಆನ್ ಅಕೌಂಟ್, ಅಂದರೆ ಯಾವ ಬಿಲ್ಲಿಗೂ ಸೇರಿಸದ ಜಮಾ ಅಂತ ಇಟ್ಟು, ಫೋನ್ ಮಾಡಿ ಕೇಳಿ, ಆಮೇಲೆ ತಿದ್ದಬಹುದು. ಮಾಸ್ತರರ ದುಡ್ಡು ಬಂದಾಗ ಈ ಪದ್ಧತಿ ಇದ್ದಿದ್ದರೆ ನಾನು ತಪ್ಪುತ್ತಿರಲಿಲ್ಲ. 1,340ರ ಬಿಲ್ ಜೇವರ್ಗಿಯವರ ಸಾಲಿನಲ್ಲಿ ಇರುತ್ತಲೇ ಇರಲಿಲ್ಲ. ಅಲ್ಲೇ ಕೈ ನಿಲ್ಲುತ್ತಿತ್ತು.

ಇನ್ನು ರೊಕ್ಕ ಕೊಟ್ಟು ಒಯ್ಯುವವರು, ಅಂದರೆ ಮುಂಚೆಯೇ ಯುಪಿಐ ಮಾಡಿ ತರಿಸಿಕೊಳ್ಳುವ ಆನ್‌ಲೈನ್ ಗಿರಾಕಿಗಳು. ಇವರೇ ಸಂಖ್ಯೆಯಲ್ಲಿ ಜಾಸ್ತಿ. ಇವರಿಗೆಲ್ಲ ಸೇರಿ ಮೊದಲು "ಆನ್‌ಲೈನ್ ಗಿರಾಕಿ" ಅಂತ ಒಂದೇ ಲೆಡ್ಜರ್ ಮಾಡಿದ್ದೆ. ಎಫ್8ರಲ್ಲಿ ಬಿಲ್ ಹಾಕುವಾಗ ಆ ಲೆಡ್ಜರ್ ಆರಿಸಿದರೆ ಪಾರ್ಟಿ ಡೀಟೇಲ್ಸ್ ಅನ್ನುವ ಪರದೆ ತೆರೆಯುತ್ತದೆ. ಕೊಂಡವರ ನಿಜವಾದ ಹೆಸರು, ವಿಳಾಸ, ರಾಜ್ಯ, ಪಿನ್ ಎಲ್ಲ ಅಲ್ಲಿ ತುಂಬಬಹುದು. ಬಿಲ್ಲಿನ ಮೇಲೆ ಅವರ ಹೆಸರೇ ಅಚ್ಚಾಗುತ್ತದೆ. ಲೆಡ್ಜರ್ ಪಟ್ಟಿ ಮಾತ್ರ ಉದ್ದ ಆಗುವುದಿಲ್ಲ. ಬಹಳ ಖುಷಿಯಾಗಿತ್ತು ನನಗೆ.

ಆಮೇಲೆ ಅಕ್ಕಲಕೋಟೆಯ ಬಿಲ್ ಬಂತು. ವಾಟ್ಸಾಪ್‌ನಲ್ಲಿ ಚಂದದ ಕನ್ನಡದಲ್ಲಿ ಆರ್ಡರ್. "ಅಕ್ಕಾ, ಹಿಂಡಿ ಸ್ವಲ್ಪ ಖಾರ ಇರಲಿ" ಅಂತ ಬರೆದಿದ್ದರು. ಕನ್ನಡ ಓದಿದ ಭರದಲ್ಲಿ ರಾಜ್ಯದ ಕಡೆ ಕರ್ನಾಟಕ ಅಂತಲೇ ಬಿಟ್ಟೆ. ಲೆಡ್ಜರಿನಲ್ಲಿ ಮೊದಲೇ ಕರ್ನಾಟಕ ಇತ್ತು, ಎಂಟರ್ ಒತ್ತುತ್ತಾ ಹೋದೆ. ಆದರೆ ಅಕ್ಕಲಕೋಟೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಮಾತು ನಮ್ಮದು, ತೆರಿಗೆ ಅವರದು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿ ಒಳಗಿನ ಬೇಳೆಗೆ 2022ರ ಜುಲೈ 18ರಿಂದ ಶೇಕಡ 5 ಜಿಎಸ್‌ಟಿ ಇದೆ. ರಾಜ್ಯದ ಒಳಗಾದರೆ ಅದು ಎರಡೂವರೆ ಕೇಂದ್ರದ ಸಿಜಿಎಸ್‌ಟಿ, ಎರಡೂವರೆ ರಾಜ್ಯದ ಎಸ್‌ಜಿಎಸ್‌ಟಿ ಅಂತ ಒಡೆಯುತ್ತದೆ. ಹೊರಗಾದರೆ ಪೂರ್ತಿ ಐದೂ ಐಜಿಎಸ್‌ಟಿ, ಅಂದರೆ ಅಂತರರಾಜ್ಯ ತೆರಿಗೆ. ರಾಜ್ಯ ತಪ್ಪಿದರೆ ತೆರಿಗೆಯೇ ತಪ್ಪಿದ ಹಾಗೆ. ಹುಡುಕಿದರೆ ಅದೊಂದೇ ಅಲ್ಲ, ಅಂಥವು ಒಂಬತ್ತು ಸಿಕ್ಕವು. ಸೊಲ್ಲಾಪುರದ ಐದು, ಜಹೀರಾಬಾದಿನ ಮೂರು, ಅಕ್ಕಲಕೋಟೆಯ ಈ ಒಂದು. ಆಡಿಟರ್ ಮುಂದಿನ ರಿಟರ್ನ್‌ನಲ್ಲಿ ತಿದ್ದುಪಡಿ ಹಾಕಿಕೊಟ್ಟರು.

ನಮ್ಮಂಥ ಗಡಿ ಜಿಲ್ಲೆಯವರಿಗೆ ಇದು ದಿನಾ ಬರುವ ವಿಷಯ. ಬೀದರ್, ಯಾದಗಿರಿಯವರಿಗೂ ಹೀಗೆಯೇ ಆಗುತ್ತದೆ. ಮಾತಾಡುವ ಭಾಷೆ ನೋಡಿ ರಾಜ್ಯ ಹೇಳಲು ಆಗುವುದಿಲ್ಲ. ಈಗ ನಾನು ಮೊದಲು ನೋಡುವುದು ಪಿನ್ ಕೋಡ್. 56ರಿಂದ 59ರವರೆಗೆ ಶುರುವಾದರೆ ಕರ್ನಾಟಕ. 413 ಅಂದರೆ ಸೊಲ್ಲಾಪುರದ ಕಡೆ. 50 ಅಂದರೆ ತೆಲಂಗಾಣ. ಆರ್ಡರ್ ಬಂದ ಕೂಡಲೇ "ಪಿನ್ ಕಳಿಸಿ" ಅಂತ ಕೇಳುತ್ತೇನೆ. ಅದು ಬಾರದೆ ಬಿಲ್ ಹಾಕುವುದಿಲ್ಲ.

ಲೆಡ್ಜರನ್ನೂ ಬದಲಿಸಿದೆ. ಒಂದೇ ಆನ್‌ಲೈನ್ ಗಿರಾಕಿಯ ಬದಲು ರಾಜ್ಯಕ್ಕೊಂದು. ಆನ್‌ಲೈನ್ ಗಿರಾಕಿ ಕರ್ನಾಟಕ, ಆನ್‌ಲೈನ್ ಗಿರಾಕಿ ಮಹಾರಾಷ್ಟ್ರ, ಆನ್‌ಲೈನ್ ಗಿರಾಕಿ ತೆಲಂಗಾಣ, ಹೀಗೆ ಆರು. ಪ್ರತಿಯೊಂದರಲ್ಲೂ ರಾಜ್ಯ ಮೊದಲೇ ತುಂಬಿರುತ್ತದೆ. ಲೆಡ್ಜರ್ ಸರಿಯಾಗಿ ಆರಿಸಿದರೆ ತೆರಿಗೆ ತಾನಾಗಿಯೇ ಸರಿ ಬೀಳುತ್ತದೆ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ನೋಂದಣಿ ಇಲ್ಲದವರಿಗೆ ಮಾರಿದ ಸಣ್ಣ ಬಿಲ್ಲುಗಳನ್ನು ರಾಜ್ಯವಾರು, ತೆರಿಗೆ ದರವಾರು ಒಟ್ಟು ಮಾಡಿಯೇ ಕೇಳುತ್ತಾರೆ. ನನ್ನ ಲೆಡ್ಜರುಗಳ ಮೊತ್ತ ಮತ್ತು ರಿಟರ್ನಿನ ಮೊತ್ತವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ತಾಳೆ ಆಗುತ್ತದೆ. ಮೊದಲು ಅದಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತಿತ್ತು.

ಮಾರಾಟ ತಾಣದ ವಿಷಯ ಸ್ವಲ್ಪ ಬೇರೆ. ಅಲ್ಲಿ ಕೊಳ್ಳುವವರು ಯಾರೋ, ನಮಗೆ ದುಡ್ಡು ಕೊಡುವವರು ಯಾರೋ. ನಮ್ಮ ಬಾಕಿ ಇರುವುದು ಆ ತಾಣದವರ ಮೇಲೆ. ಹಾಗಾಗಿ ಲೆಡ್ಜರ್ ತಾಣದ ಹೆಸರಿನಲ್ಲಿ, ಕೊಂಡವರ ಹೆಸರು ಮತ್ತು ರಾಜ್ಯ ಬಿಲ್ಲಿನಲ್ಲಿ. ಅವರು ಕಮಿಷನ್, ಸಾಗಣೆ ಎಲ್ಲ ಕಳೆದು ದುಡ್ಡು ಕಳಿಸುತ್ತಾರೆ. ಬಂದಷ್ಟನ್ನೇ ಮಾರಾಟ ಅಂತ ಬರೆದರೆ ತಪ್ಪು. ಮಾರಾಟ ಪೂರ್ತಿ ಬರೆಯಬೇಕು, ಕಮಿಷನ್ ಬೇರೆ ಖರ್ಚು. ಟಿಸಿಎಸ್ (ನಮ್ಮ ದುಡ್ಡಿನಿಂದ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಅಂತ ಅವರು ಹಿಡಿಯುವುದು 2024ರ ಜುಲೈ 10ರಿಂದ ಅರ್ಧ ಪರ್ಸೆಂಟ್, ಮೊದಲು ಒಂದು ಇತ್ತು. ಅದು ಖರ್ಚಲ್ಲ, ನಮ್ಮದೇ ದುಡ್ಡು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ನಮ್ಮ ನಗದು ಲೆಡ್ಜರಿಗೆ ಬರುತ್ತದೆ. ಮೊದಲ ನಾಲ್ಕು ತಿಂಗಳು ನನಗೆ ಗೊತ್ತಿರದೆ ಸುಮ್ನೆ ಅಲ್ಲೇ ಬಿದ್ದಿತ್ತು. ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ ಹಾಕಬೇಕು. ರೊಟ್ಟಿ ದಾರಿಯಲ್ಲಿ ಮುರಿದು ವಾಪಸ್ ಬರುವುದು ಮಳೆಗಾಲದಲ್ಲಿ ಇದ್ದದ್ದೇ.

ಆನ್‌ಲೈನ್ ಅಂದ ಮೇಲೆ ಒಂದು ವಿಷಯ ತಿಳಿದಿರಲಿ. ನನ್ನ ಟ್ಯಾಲಿಯ ಲೆಕ್ಕ ಇರುವುದು ನನ್ನ ಕಂಪ್ಯೂಟರಿನಲ್ಲಿ. ಹೊರಗಿನಿಂದ ಮೊಬೈಲ್ ಬ್ರೌಸರ್‌ನಲ್ಲಿ ವರದಿ ನೋಡಲು ಬರುತ್ತದೆ, ಆದರೆ ಮನೆಯ ಕಂಪ್ಯೂಟರ್ ಚಾಲೂ ಇರಬೇಕು, ನೆಟ್ ಇರಬೇಕು. ಮೇ ತಿಂಗಳ ಬಿಸಿಲಿನಲ್ಲಿ ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಹಾಗಾಗಿ ಒಂದು ಯುಪಿಎಸ್ ಹಾಕಿಸಿದೆ. ದಿನಾ ರಾತ್ರಿ ಒಂಬತ್ತಕ್ಕೆ ಬ್ಯಾಕಪ್. ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ. ಮಗಳೇ ಅದನ್ನು ನೋಡಿಕೊಳ್ಳುತ್ತಾಳೆ. ಎಲ್ಲೆಂದರಲ್ಲಿ ಫೋನಿನಲ್ಲೇ ಬಿಲ್ ಹಾಕುವ ಅಭ್ಯಾಸ ಇರುವವರಿಗೆ ಪೂರ್ತಿ ಕ್ಲೌಡ್‌ನಲ್ಲಿರುವ ಸಾಫ್ಟ್‌ವೇರ್ ಹೊಂದಬಹುದು. ನನಗೆ ನನ್ನ ಪುಸ್ತಕ ನನ್ನ ಮನೆಯಲ್ಲಿದ್ದರೇ ಸಮಾಧಾನ.

ಎಡಿಟ್ ಲಾಗ್ ಅನ್ನುವ ಸೌಲಭ್ಯವನ್ನೂ ಹಾಕಿಟ್ಟಿದ್ದೇನೆ. ಯಾರು ಯಾವಾಗ ಯಾವ ಬಿಲ್ ತಿದ್ದಿದರು ಅಂತ ಅದು ಬರೆದಿಡುತ್ತದೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ನನ್ನಂಥ ಒಬ್ಬರ ವ್ಯಾಪಾರಕ್ಕೆ ಕಡ್ಡಾಯವಲ್ಲ. ಆದರೂ ಬೇಕು. ಲೆಕ್ಕ ತಪ್ಪಿದಾಗ ಮಗಳು ಮಾಡಿದಳಾ, ನಾನು ಮಾಡಿದೆನಾ ಅಂತ ವಾದವೇ ಬೇಡ. ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇದೆ. ಪ್ಯಾಕಿಂಗ್ ಮಾಡುವ ಹುಡುಗನಿಗೆ ವಿಳಾಸದ ಚೀಟಿ ಮಾತ್ರ ಸಿಗುತ್ತದೆ, ಪಟ್ಟಿ ಸಿಗುವುದಿಲ್ಲ. ಕಳೆದ ದೀಪಾವಳಿಗೆ ಒಬ್ಬರು ಬಂದು "ನಿಮ್ಮ ಗಿರಾಕಿಗಳ ನಂಬರ್ ಕೊಡಿ, ಜಾಹೀರಾತಿಗೆ ಬೇಕು, ದುಡ್ಡು ಕೊಡ್ತೇವೆ" ಅಂದರು. ಕೊಡಲಿಲ್ಲ. ಆ ಗಿರಾಕಿಗಳು ನನಗೆ ನಂಬರ್ ಕೊಟ್ಟಿದ್ದು ರೊಟ್ಟಿಗಾಗಿ.

ಯಾರಿಗೆ ಇದು ಬೇಡ ಅಂತಲೂ ಹೇಳಿಬಿಡುತ್ತೇನೆ. ಗಿರಾಕಿಗಳು ಮೂವತ್ತು ನಲವತ್ತು ಜನ, ಎಲ್ಲ ಊರೊಳಗೇ, ಜಿಎಸ್‌ಟಿ ಇಲ್ಲ ಅಂದರೆ ಈ 26,550 ಖರ್ಚು ಮಾಡಬೇಡಿ. ಒಂದು ಉದ್ದ ನೋಟ್‌ಬುಕ್, ಇಲ್ಲವೇ ಎಕ್ಸೆಲ್ ಸಾಕು. ಹೆಸರಿನ ಮುಂದೆ ಊರು ಬರೆಯುವ ರೂಢಿ ಮಾತ್ರ ಮೊದಲ ದಿನದಿಂದಲೇ ಇರಲಿ. ಹೊರ ರಾಜ್ಯದ ಆರ್ಡರ್ ಬರತೊಡಗಿದರೆ, ಉದ್ರಿ ಖಾತೆ ಐವತ್ತು ದಾಟಿದರೆ, ಆಗ ತೆಗೆದುಕೊಳ್ಳಿ. ಒಂದು ವರ್ಷದ ನಂತರ ನವೀಕರಣದ ಖರ್ಚೂ ಬರುತ್ತದೆ, ನಾನು ಕೊಂಡಾಗ ಅದು 4,500 ಮತ್ತು ಜಿಎಸ್‌ಟಿ ಇತ್ತು. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು, ದಿನಕ್ಕೆ ಒಂದು ಗಂಟೆ. ನಾನು ಓದಿದ್ದು ಪಿಯುಸಿ ಕಲಾ ವಿಭಾಗ. ಡೆಬಿಟ್ ಕ್ರೆಡಿಟ್ ಹೇಳಿಕೊಟ್ಟಿದ್ದು ಮಾವನವರು, ಜಮಾ ನಾವೆ ಅಂತ ಅವರ ಮಾತಿನಲ್ಲೇ.

ಮಂಗಳವಾರ ಸಂಜೆ ನಾವಿಬ್ಬರೂ ಕೂತು ಬಾಕಿ ಪಟ್ಟಿ ತೆಗೆಯುತ್ತೇವೆ. ಎಷ್ಟು ದಿನದ ಬಾಕಿ ಅನ್ನುವುದನ್ನು ಟ್ಯಾಲಿ ಬೇರೆ ಬೇರೆ ಕಾಲಂನಲ್ಲಿ ತೋರಿಸುತ್ತದೆ. ಅರವತ್ತು ದಿನ ದಾಟಿದವರ ಹೆಸರನ್ನು ನಾನು ಓದುತ್ತೇನೆ. ಮಾವನವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಹೇಳುತ್ತಾರೆ: "ಅಫಜಲಪುರದಂವ ತೊಗರಿ ಬಂದ ಮ್ಯಾಲ ಕೊಡ್ತಾನ, ಈಗ ಕೇಳಬ್ಯಾಡ." ಆ ಬಿಲ್ಲಿನ ಷರಾದಲ್ಲಿ "ಜನವರಿ" ಅಂತ ಬರೆದು ಮುಂದೆ ಹೋಗುತ್ತೇನೆ.

ಚಿತ್ತಾಪುರದ ಮಾಸ್ತರರು ಈಗಲೂ ಬೇಳೆ ಒಯ್ಯುತ್ತಾರೆ. ದುಡ್ಡು ಹಾಕಿದ ಕೂಡಲೇ ಬಿಲ್ ನಂಬರನ್ನೂ ಮೆಸೇಜ್ ಮಾಡುತ್ತಾರೆ. ಅದನ್ನು ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಶುರು ಮಾಡಿದ್ದು. ನಾನೂ ಅದೇ ಗಳಿಗೆಗೆ ರಸೀದಿ ಹಾಕಿ, "ಬಂತು ಸರ್, ಬಾಕಿ ಏನೂ ಇಲ್ಲ" ಅಂತ ಉತ್ತರ ಕಳಿಸುತ್ತೇನೆ.